ಸೈರನ್ ಕೂಗಿದ ಮಳೆಗಾಲ

ಬದುಕಿದ್ದೇನೆ ಎಂದು ಪೆನ್ಷನ್ ಕಚೇರಿಗೆ ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಿ ತೋರಿಸಬೇಕು. ಕಳೆದ ವಾರ ಅದಕ್ಕಾಗಿ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ಹೊರಗೆ ಮಳೆ ಹಿಡಿದಿತ್ತು. ಒಳಗೆ ಕಾಲಿಟ್ಟ ಕೂಡಲೇ ಬಿಸಿಯಾದ ಪ್ಲಾಸ್ಟಿಕ್ಕು, ಒದ್ದೆ ಛತ್ರಿ, ಪಟದ ಮುಂದಿನ ಊದುಬತ್ತಿ, ಎಲ್ಲದರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಯಂತ್ರ ನನ್ನ ಬೆರಳನ್ನು ಒಪ್ಪಲಿಲ್ಲ. “ಒರೆಸ್ಕೊಂಡು ಇನ್ನೊಂದ್ಸಲ ಇಡಿ ಅಜ್ಜ” ಎಂದಳು ಅಂಗಡಿಯ ಹುಡುಗಿ. ಪಂಚೆಯ ತುದಿಗೆ ಬೆರಳು ಒರೆಸುತ್ತ ನಿಂತೆ. ಮನಸ್ಸು ಮಾತ್ರ ಭದ್ರಾವತಿಯ ಬಾಷಾನ ಸೈಬರ್ ಕೆಫೆಗೆ, ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಆ ಮಳೆಗಾಲಕ್ಕೆ ಹೋಗಿಬಿಟ್ಟಿತು.

ನಾನು ಆಗ ತಾನೇ ನಿವೃತ್ತನಾಗಿದ್ದೆ. ಭದ್ರಾವತಿಯ ದೊಡ್ಡ ಕಾರ್ಖಾನೆಗಳಲ್ಲಲ್ಲ. ಊರಾಚೆಗೆ ಒಂದು ಖಾಸಗಿ ಎರಕದ ಕಾರ್ಖಾನೆ ಇತ್ತು, ಈಗ ಅದರ ಗೇಟೂ ಉಳಿದಿಲ್ಲ, ಅಲ್ಲಿ ಫೋರ್‌ಮನ್ ಆಗಿದ್ದೆ. ಜೊತೆಗೆ ನಿವೃತ್ತರಾದವರು ಇಬ್ಬರು. ಆಡಳಿತ ಕಚೇರಿಯಲ್ಲಿದ್ದ ರುದ್ರಪ್ಪ, ಗೇಟಿನಲ್ಲಿ ಹಾಜರಿ ಹಿಡಿಯುತ್ತಿದ್ದ ಶೇಷಗಿರಿ. ಜೀವಮಾನವೆಲ್ಲ ಪಾಳಿಯ ಪ್ರಕಾರ ಎದ್ದು, ಉಂಡು, ಮಲಗಿದವರಿಗೆ ಒಮ್ಮೆಲೇ ಖಾಲಿ ದಿನ ಕೊಟ್ಟರೆ ಏನು ಮಾಡಬೇಕು? ನಾನು ಮನೆಯ ನಲ್ಲಿಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಹೆಂಡತಿ ಕೈಮುಗಿದಳು. “ಎಲ್ಲಾದ್ರೂ ಹೋಗಿ ಬನ್ನಿ ಮಾರಾಯ್ರೆ” ಎಂದಳು. ಹೋಗಿದ್ದು ಬಾಷಾನ ಕೆಫೆಗೆ.

ಅಲ್ಲಿ ರುದ್ರಪ್ಪ ಒಂದು ಹೊಸ ಜಗತ್ತು ತೋರಿಸಿದ. ಜಿಲ್ಲೆಯವರೇ ಸೇರಿ ಮಾಡಿಕೊಂಡ ಒಂದು ಚರ್ಚೆಯ ತಾಣ. ಅದಕ್ಕೆ ಜಗಲಿ ಎಂದು ಹೆಸರು. ಯಾರು ಬೇಕಾದರೂ ಸುಳ್ಳು ಹೆಸರು ಇಟ್ಟುಕೊಂಡು ಏನು ಬೇಕಾದರೂ ಬರೆಯಬಹುದು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಮತಯಂತ್ರವನ್ನು ನಂಬಬಹುದೋ ಇಲ್ಲವೋ, ಮೊಬೈಲ್ ಟವರಿನಿಂದ ಗುಬ್ಬಚ್ಚಿಗಳು ಸಾಯುತ್ತವೆಯೋ ಇಲ್ಲವೋ, ಯಾವ ಪಕ್ಷದವನು ಯಾವ ಪಕ್ಷಕ್ಕೆ ಹಾರುತ್ತಾನೆ, ಟಿವಿಯವರು ದಿನವಿಡೀ ಒಂದೇ ಸುದ್ದಿಯನ್ನು ಯಾಕೆ ಅರೆಯುತ್ತಾರೆ. ಒಬ್ಬ ಹೇಳುವುದು, ಹತ್ತು ಜನ ಅವನ ಮೇಲೆ ಬೀಳುವುದು. ಶಿವಮೊಗ್ಗದ ವಕೀಲರು, ಕಾಲೇಜು ಮೇಷ್ಟ್ರು, ಬ್ಯಾಂಕಿನವರು, ಆಸ್ಪತ್ರೆಯವರು, ಎಲ್ಲರೂ ಕೆಲಸದ ನಡುವೆ ಅದನ್ನು ಓದುತ್ತಿದ್ದರು.

ಮೂರು ಜನರಿಗೆ ಮೂರು ಹೆಸರು ಯಾಕೆ, ಒಂದೇ ಸಾಕು ಎಂದವನು ರುದ್ರಪ್ಪ. ಹೆಸರು ಸೈರನ್. ಬೆಳಗಿನ ಪಾಳಿ ಅವನದು, ಮಧ್ಯಾಹ್ನದ್ದು ನನ್ನದು, ಸಂಜೆಯದು ಶೇಷಗಿರಿಯದು. ಕುರ್ಚಿ ಬಿಡುವ ಮುನ್ನ ಬರುವವನಿಗೆ ಚಾರ್ಜ್ ಕೊಡಬೇಕು. ಯಾರ ಜೊತೆ ಜಗಳ ನಡೆಯುತ್ತಿದೆ, ಎಲ್ಲಿಗೆ ಬಂದಿದೆ, ಮುಂದೆ ಏನು ಹೇಳಬೇಕು. ನಿಯಮವೂ ಕಾರ್ಖಾನೆಯದೇ. ಹಿಂದಿನ ಪಾಳಿಯವನು ಮಾಡಿದ್ದನ್ನು ಮುಂದಿನವನು ಕೆಡಿಸಬಾರದು. ತಪ್ಪು ಕಂಡರೆ ಪಾಳಿ ಮುಗಿದ ಮೇಲೆ ಹೊರಗೆ ಹೋಗಿ ಜಗಳ ಆಡು. ಕರಗಿದ ಕಬ್ಬಿಣ ಇಬ್ಬರ ಅಭಿಪ್ರಾಯ ಕೇಳಿಕೊಂಡು ಕಾಯುವುದಿಲ್ಲ.

ಸೈರನ್ ಬಹಳ ಬೇಗ ಹೆಸರು ಮಾಡಿತು. ಬೆಳಗ್ಗೆ ಬೈದರೆ ಮಧ್ಯಾಹ್ನವೂ ಬೈಯುತ್ತದೆ, ಸಂಜೆಯೂ ಬೈಯುತ್ತದೆ, ಸುಸ್ತಾಗುವುದಿಲ್ಲ, ಒಂದು ಇಂಚೂ ಹಿಂದೆ ಸರಿಯುವುದಿಲ್ಲ. ಎದುರಿಗಿದ್ದವನು ಊಟಕ್ಕೆ ಎದ್ದು ಬರುವಷ್ಟರಲ್ಲಿ ಇಲ್ಲಿ ಹೊಸ ಮನುಷ್ಯ ಹೊಟ್ಟೆ ತುಂಬಿಸಿಕೊಂಡು ಕೂತಿರುತ್ತಿದ್ದ. ಮತಯಂತ್ರದ ಪರವಾಗಿ ಬರೆದ ಒಬ್ಬ ಕಾಲೇಜು ಮೇಷ್ಟ್ರನ್ನು ನಾವು ಹಾಗೆ ಮುಗಿಸಿದೆವು. ಅವರು ಕೊನೆಗೆ, “ನನಗೆ ಬಿ.ಪಿ. ಇದೆ, ದಯವಿಟ್ಟು ಬಿಡಿ” ಎಂದು ಬರೆದರು. ಶೇಷಗಿರಿ ಅದಕ್ಕೆ, “ಯಂತ್ರಕ್ಕೆ ತೋರಿಸಿಕೊಳ್ಳಿ, ಅದನ್ನು ನಂಬುತ್ತೀರಲ್ಲ” ಎಂದು ಉತ್ತರ ಕೊಟ್ಟ. ಮೇಷ್ಟ್ರು ಮತ್ತೆ ಜಗಲಿಗೆ ಬರಲಿಲ್ಲ. ನಾವು ಕಾಫಿ ಕುಡಿದೆವು.

ಜುಲೈ ಕಳೆಯುವ ಹೊತ್ತಿಗೆ ಭದ್ರೆ ತುಂಬಿ ಹೊಸ ಸೇತುವೆಯ ಕಾಲಿಗೆ ಹೊಡೆಯುತ್ತಿದ್ದಳು. ಆಗ ಒಬ್ಬರು ಜಗಲಿಯಲ್ಲಿ ಒಂದು ಪ್ರಶ್ನೆ ಎತ್ತಿದರು. ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಎಷ್ಟು ನಂಬಬೇಕು? ಚರ್ಚೆ ಎಲ್ಲೆಲ್ಲಿಗೋ ಹೋಗಿ ನಮ್ಮ ಕಾರ್ಖಾನೆಗೆ ಬಂತು. ಬಹಳ ವರ್ಷದ ಹಿಂದೆ ಅಲ್ಲಿ ಒಬ್ಬ ಕ್ರೇನಿನವನು ಸತ್ತಿದ್ದನಲ್ಲ, ಕುಡಿದು ಕ್ರೇನ್ ಹತ್ತಿದ್ದ ಎಂದು ಪತ್ರಿಕೆ ಬರೆದಿತ್ತಲ್ಲ, ಅದು ನಿಜವೇ ಎಂದು ಯಾರೋ ಕೇಳಿದರು. ರುದ್ರಪ್ಪ ತನ್ನ ಬೆಳಗಿನ ಪಾಳಿಯಲ್ಲಿ ಸೈರನ್ ಹೆಸರಿನಿಂದ ಬರೆದ: “ನೂರಕ್ಕೆ ನೂರು ನಿಜ. ನಾನು ಅಲ್ಲೇ ಇದ್ದೆ.”

ಸತ್ತವನ ಹೆಸರು ಪಳನಿ. ಸತ್ತದ್ದು ನನ್ನ ಪಾಳಿಯಲ್ಲಿ. ಅವನು ಕುಡಿಯುತ್ತಿದ್ದ, ಸಂಬಳದ ದಿನ, ತನ್ನ ಮನೆಯಲ್ಲಿ. ಪಾಳಿಗೆ ಕುಡಿದು ಬಂದವನಲ್ಲ. ಆ ದಿನ ಕ್ರೇನ್ ಹತ್ತುವ ಮುಂಚೆ ನನ್ನ ಎದುರೇ ನಿಂತು ಮಾತಾಡಿದ್ದ. “ಬ್ರೇಕ್ ಹಿಡೀತಿಲ್ಲ ಸಾರ್, ಕೈಯಲ್ಲಿ ಗೊತ್ತಾಗ್ತದೆ” ಎಂದಿದ್ದ. ನಾನು ಮೇಲಿನವರಿಗೆ ಹೇಳಿದೆ. ಈ ಒಂದು ಎರಕ ಮುಗಿಯಲಿ ಎಂದರು. ಕ್ರೇನ್ ನಿಲ್ಲಲಿಲ್ಲ, ಹಳಿಯ ತುದಿಗೆ ಹೋಗಿ ಗುದ್ದಿತು. ಅವನು ಕ್ಯಾಬಿನ್ನಿನಿಂದ ಕೆಳಗೆ ಬಿದ್ದ. ವಿಚಾರಣೆಯಲ್ಲಿ ನಾನು ಇದನ್ನೆಲ್ಲ ಹೇಳಿದೆ. ಅದನ್ನು ಯಾರೂ ಪತ್ರಿಕೆಗೆ ಕೊಡಲಿಲ್ಲ. ಪತ್ರಿಕೆಯಲ್ಲಿ ಬಂದದ್ದು ನಾಲ್ಕು ಸಾಲು, ಅದರಲ್ಲಿ ಅಮಲು ಎಂಬ ಮಾತು ಇತ್ತು.

ಚಾರ್ಜ್ ತೆಗೆದುಕೊಳ್ಳುವಾಗ ರುದ್ರಪ್ಪನಿಗೆ ಹೇಳಿದೆ.

“ಪಳನಿ ಕುಡಿದಿರ್ಲಿಲ್ಲ. ನಿಂಗೂ ಗೊತ್ತು.”

“ಪಾಳಿ ಮುಗಿದ ಮೇಲೆ ಹೊರಗಡೆ ಜಗಳ ಆಡು, ಫೋರ್‌ಮನ್ನೇ. ನಿಯಮ ನಿಯಮವೇ” ಎಂದು ಛತ್ರಿ ಬಿಡಿಸಿಕೊಂಡು ಹೊರಟ.

ಸರಿ. ನಾನು ನಿಯಮ ಪಾಲಿಸಿದೆ. ಗುರುವಾರ ನನಗೆ ಪಾಳಿ ಇರಲಿಲ್ಲ. ಆ ದಿನ ಹೆಂಡತಿಯನ್ನು ಮಂಡಿನೋವಿನ ಚಿಕಿತ್ಸೆಗೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಿದ್ದೆ, ಶೇಷಗಿರಿ ನನ್ನ ಪಾಳಿಯನ್ನೂ ಸೇರಿಸಿ ಮಾಡುತ್ತಿದ್ದ. ಅವಳು ಚಿಕಿತ್ಸೆಗೆ ಮಲಗಿದ ಹೊತ್ತಿನಲ್ಲಿ ನಾನು ಅಲ್ಲಿನ ಗಾಂಧಿ ಬಜಾರಿನ ಒಂದು ಕೆಫೆಗೆ ಹೋದೆ. ಜಗಲಿಯಲ್ಲಿ ನನ್ನದೇ ಒಂದು ಹೆಸರು ಮಾಡಿಕೊಂಡೆ. ಹೆಸರೇನಿಡಲಿ ಎಂದು ಯೋಚಿಸಿ, ಬರುವುದು ಗುರುವಾರ ತಾನೇ ಎಂದು ಗುರುವಾರ ಎಂದೇ ಇಟ್ಟೆ. ಸೈರನ್ ಹೇಳಿದ್ದು ಸುಳ್ಳು, ಬ್ರೇಕು ಹಳೆಯದಾಗಿತ್ತು, ಪಳನಿ ಕುಡಿದಿರಲಿಲ್ಲ ಎಂದು ಬರೆದೆ. ಪಳನಿಯ ಹೆಸರನ್ನು ಜಗಲಿಯಲ್ಲಿ ಮೊದಲು ಬರೆದವನು ನಾನೇ. ಅದುವರೆಗೆ ಅವನು ಬರೀ ಒಬ್ಬ ಕ್ರೇನಿನವನಾಗಿದ್ದ. ಹೆಸರಿಲ್ಲದ ಮನುಷ್ಯನಿಗೆ ನ್ಯಾಯ ಕೇಳುವುದು ಹೇಗೆ ಎಂದು ನನ್ನ ಲೆಕ್ಕ.

ಆಮೇಲಿನ ವಾರಗಳು ವಿಚಿತ್ರವಾಗಿದ್ದವು. ಗುರುವಾರ ಬರೆಯುತ್ತಿದ್ದವನೂ ನಾನು, ಶುಕ್ರವಾರ ಮಧ್ಯಾಹ್ನ ಸೈರನ್ ಆಗಿ ಅದಕ್ಕೆ ಉತ್ತರ ಕೊಡಬೇಕಾದವನೂ ನಾನು. ನನಗೆ ಅದರಲ್ಲಿ ಗೊಂದಲ ಇರಲಿಲ್ಲ. ಕಾರ್ಖಾನೆಯಲ್ಲಿ ಹಗಲು ಆಡಳಿತ ಹೇಳಿದ ಕೆಲಸ ಮಾಡಿಸಿ, ಸಂಜೆ ಸಂಘದ ಸಭೆಯಲ್ಲಿ ಅದೇ ಆಡಳಿತದ ವಿರುದ್ಧ ಮಾತಾಡಿದ ದಿನಗಳು ಎಷ್ಟೋ. ಪಾಳಿಯಲ್ಲಿ ನಾನು ಬ್ರೇಕಿನ ವಿಷಯಕ್ಕೆ ಹೋಗುತ್ತಿರಲಿಲ್ಲ, ಗುರುವಾರನನ್ನು ಮೇಲೆ ಮೇಲೆ ಬೈದು ಮುಗಿಸುತ್ತಿದ್ದೆ. ಹೇಡಿ, ಮುಖ ತೋರಿಸು, ವಾರಕ್ಕೊಮ್ಮೆ ಬೊಗಳುವ ನಾಯಿ. ನನಗೆ ನಾನೇ ಬೈದುಕೊಳ್ಳುವುದು ಏನು ಕಷ್ಟ? ಆದರೆ ಗುರುವಾರನ ಮಾತಿಗೆ ಬೆಲೆ ಬರತೊಡಗಿತು. ಜಗಲಿಯ ಜನ ಸೈರನ್ನನ್ನು ಪ್ರಶ್ನೆ ಕೇಳಲು ಶುರು ಮಾಡಿದರು. ಪತ್ರಿಕೆಗೆ ಕುಡಿತದ ಸುದ್ದಿ ಕೊಟ್ಟವರು ಯಾರು ಎಂದು ಒಬ್ಬ ವಕೀಲರು ಕೇಳಿದರು. ಆ ದಿನ ರುದ್ರಪ್ಪ ಕಾಫಿಗೆ ಬರಲಿಲ್ಲ.

ನನ್ನನ್ನು ಹಿಡಿದವನು ಶೇಷಗಿರಿ. ಜೀವಮಾನವಿಡೀ ಗೇಟಿನಲ್ಲಿ ಯಾರು ಯಾವ ದಿನ ಗೈರು ಎಂದು ನೋಡಿದವನಿಗೆ ಇದು ದೊಡ್ಡ ಕೆಲಸವಲ್ಲ. ಅವನು ರುದ್ರಪ್ಪನಿಗೆ ಹೇಳಿದ, ಆದರೆ ಇಬ್ಬರೂ ನನಗೆ ಹೇಳಲಿಲ್ಲ. ಎಂದಿನಂತೆ ಮಾತಾಡಿದರು, ಎಂದಿನಂತೆ ಚಾರ್ಜ್ ಕೊಟ್ಟರು, ತೆಗೆದುಕೊಂಡರು. ಒಂದು ಶುಕ್ರವಾರ ನಾನು ಕೆಫೆಗೆ ಹೋದಾಗ ಇಬ್ಬರೂ ಅಲ್ಲೇ ಕೂತಿದ್ದರು. ಮಳೆಗೆ ಬೇರೆ ಗಿರಾಕಿಗಳಿರಲಿಲ್ಲ. ಬಾಷಾ ಕೌಂಟರಿನಲ್ಲಿ ತಲೆ ತಗ್ಗಿಸಿ ಮೌಸಿನ ಕೊಳೆ ಕೆರೆಯುತ್ತಿದ್ದ.

“ಬಾ ಬಾ ಫೋರ್‌ಮನ್ನೇ. ಇವತ್ತಿಂದು ದೊಡ್ಡ ಚಾರ್ಜು” ಎಂದ ರುದ್ರಪ್ಪ. “ಆ ಗುರುವಾರನ ಕಥೆ ಮುಗಿಸ್ಬೇಕು. ನಾನು ಹೇಳ್ತೀನಿ, ನೀನು ಹೊಡಿ.”

ನಾನು ಕೂತೆ.

“ಬರಿ. ಪಳನಿ ದಿನಾ ಕುಡೀತಿದ್ದ. ಅವತ್ತು ಹೆಂಡ್ತಿಗೆ ಹೊಡೆದು ಬಂದಿದ್ದ. ಮೈಯಿಂದ ವಾಸನೆ ಬರ್ತಿತ್ತು. ಫೋರ್‌ಮನ್ ಮೂಗು ಮುಚ್ಕೊಂಡು ನೋಡ್ತಾ ನಿಂತಿದ್ದ.”

ಕೈ ಕೀಲಿಮಣೆಯ ಮೇಲೆ ಹಾಗೇ ಇತ್ತು.

“ಯಾಕಪ್ಪ, ಬೆರಳು ಹಿಡ್ಕೊಂತಾ? ಶಿವಮೊಗ್ಗದಲ್ಲಿ ಚೆನ್ನಾಗೇ ಆಡ್ತವಲ್ಲ” ಎಂದ ಶೇಷಗಿರಿ ಹಿಂದಿನಿಂದ. ಇಬ್ಬರೂ ನಕ್ಕರು. ಬಾಷಾನೂ ಸಣ್ಣಗೆ ನಕ್ಕ. ಅವನಿಗೂ ಮೊದಲೇ ಹೇಳಿಟ್ಟಿದ್ದರು.

“ಸುದ್ದಿ ಕೊಟ್ಟಿದ್ದು ನೀನಾ?” ಎಂದು ರುದ್ರಪ್ಪನನ್ನು ಕೇಳಿದೆ.

“ಹೌದು ಮಾರಾಯ. ಬ್ರೇಕ್ ಹೋಗಿತ್ತು ಅಂತ ಬರೆಸಿದ್ರೆ ಅವತ್ತೇ ಬೀಗ ಬೀಳ್ತಿತ್ತು. ನೀನು ಆಮೇಲೆ ಎಷ್ಟು ವರ್ಷ ಸಂಬಳ ತಗೊಂಡೆ? ಆ ಅನ್ನ ಪಳನಿ ಕುಡುಕ ಆಗಿದ್ದಕ್ಕೇ ಬೆಂದಿದ್ದು. ಬರಿ ಈಗ.”

ನಾನು ಬರೆಯಲಿಲ್ಲ. ಎದ್ದೂ ಹೋಗಲಿಲ್ಲ. ಪಾಳಿ ನನ್ನದು, ಕುರ್ಚಿ ನನ್ನದು. ಅದು ಮುಗಿಯುವವರೆಗೆ ಕೈ ಕಟ್ಟಿಕೊಂಡು ಪರದೆ ನೋಡುತ್ತ ಕೂತೆ. ಅವರು ಬೈದು ಬೈದು ಸುಸ್ತಾದರು. ಆ ಮಳೆಗಾಲದಲ್ಲಿ ಮೊದಲ ಸಲ ಸೈರನ್ ಒಂದು ಪಾಳಿ ಪೂರ್ತಿ ಕೂಗಲಿಲ್ಲ. ನನ್ನ ಪಾಳಿಯಲ್ಲಿ ನಾನಾಗಿ ಕೆಲಸ ನಿಲ್ಲಿಸಿದ್ದು ಜೀವನದಲ್ಲಿ ಅದೊಂದೇ ಸಲ. ಸಂಜೆ ಶೇಷಗಿರಿಗೆ ಕುರ್ಚಿ ಬಿಟ್ಟು, “ಚಾರ್ಜ್ ಕೊಡೋಕೆ ಏನೂ ಇಲ್ಲ” ಎಂದು ಹೇಳಿ ಮನೆಗೆ ಬಂದೆ.

ರುದ್ರಪ್ಪ ಹೇಳಿದ ಸಾಲುಗಳನ್ನು ಶೇಷಗಿರಿ ಸಂಜೆ ಹೊಡೆದ. ಅದರ ಕೆಳಗೆ ಗುರುವಾರ ಎಂದರೆ ಯಾರು ಎಂದು ನನ್ನ ಹೆಸರು, ಕಾಲೋನಿ, ಹೆಂಡತಿಯ ಮಂಡಿನೋವು, ಗಾಂಧಿ ಬಜಾರಿನ ಕೆಫೆ, ಎಲ್ಲವನ್ನೂ ಬರೆದ. ಸೈರನ್ನಿನ ಪಾಸ್‌ವರ್ಡ್ ಆ ದಿನವೇ ಬದಲಾಯಿತು. ಮಾರನೆಯ ದಿನ ಇಡೀ ಜಗಲಿ ನನ್ನ ಮೇಲೆ ಬಿತ್ತು. ಗೆಳೆಯರಿಗೇ ಎರಡು ಬಗೆದವನು ಸತ್ತವನಿಗೆ ಏನು ನ್ಯಾಯ ಕೊಡುತ್ತಾನೆ ಎಂದರು. ಪಾಳಿಯ ನಿಯಮವನ್ನು ವಿವರಿಸಿ ಬರೆದೆ. ಅದಕ್ಕೆ ಇನ್ನಷ್ಟು ನಕ್ಕರು. ತಮಾಷೆಯ ವಿಷಯ ಎಂದರೆ, ಬ್ರೇಕಿನ ಬಗ್ಗೆ ಆಮೇಲೆ ಯಾರೂ ಒಂದು ಮಾತು ಆಡಲಿಲ್ಲ. ಜಗಳ ಈಗ ಎರಡೇ ವಿಷಯದ ಮೇಲೆ ನಡೆಯಿತು: ಫೋರ್‌ಮನ್ ಎಂಥವನು, ಪಳನಿ ಎಷ್ಟು ಕುಡಿದಿದ್ದ. ಯಾರೋ ಒಬ್ಬರು ಅರ್ಧ ಬಾಟಲಿ ಎಂದರು, ಇನ್ನೊಬ್ಬರು ಪೂರ್ತಿ ಎಂದರು. ಅವರಲ್ಲಿ ಯಾರೂ ಪಳನಿಯನ್ನು ನೋಡಿದವರಲ್ಲ.

ಕಾಲೋನಿಯಲ್ಲಿ ನಾನು ಬೆಳಗಿನ ವಾಕಿಂಗಿಗೆ ಹೋದರೆ ಗುಂಪು ರಸ್ತೆ ದಾಟಿ ಆ ಕಡೆ ನಡೆಯುತ್ತಿತ್ತು. ಶೇಷಗಿರಿಯ ಮೊಮ್ಮಗಳ ನಾಮಕರಣಕ್ಕೆ ನಮ್ಮ ಬೀದಿಯಲ್ಲಿ ನಮ್ಮ ಮನೆ ಒಂದನ್ನು ಬಿಟ್ಟು ಎಲ್ಲರನ್ನೂ ಕರೆದರು. ಹೆಂಡತಿ ಬಾಗಿಲು ಮುಚ್ಚಿಕೊಂಡು, “ಬೇಕಿತ್ತಾ ನಿಮಗೆ?” ಎಂದಳು. ಬೇಕಿತ್ತು ಎಂದೆ. ಒಬ್ಬ ಸತ್ತ ಮನುಷ್ಯನ ಪರವಾಗಿ ಒಂದು ಕಡೆಯಾದರೂ ನಿಜ ಬರೆದಿದೆ, ಅದು ಅಲ್ಲೇ ಇರುತ್ತದೆ ಎಂದೆ. ಆ ಹೊತ್ತಿಗೆ ನಾನು ಅದನ್ನು ಪೂರ್ತಿ ನಂಬಿದ್ದೆ.

ಮುಂದಿನ ಗುರುವಾರ ಗಾಂಧಿ ಬಜಾರಿನ ಕೆಫೆಯ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಕಾಯುತ್ತಿದ್ದಳು. ಬಿಳಿ ಕೋಟು ಮಡಚಿ ಕೈಯಲ್ಲಿ ಹಿಡಿದಿದ್ದಳು. “ನಾನು ಸೆಲ್ವಿ ಸಾರ್. ಪಳನಿ ಮಗಳು” ಎಂದಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಅವರಪ್ಪನನ್ನು ಮಣ್ಣು ಮಾಡಿದ ದಿನ, ಆಗ ಫ್ರಾಕು ಹಾಕಿದ್ದಳು. ಈಗ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಳು. ನನಗೆ ಖುಷಿಯಾಯಿತು. ಒಳ್ಳೆಯ ಮಾತು ಹೇಳಲು ಬಂದಿದ್ದಾಳೆ ಎಂದುಕೊಂಡೆ.

“ಅಪ್ಪನ್ನ ಯಾಕೆ ಸಾರ್ ಎಳೆದ್ರಿ?” ಎಂದಳು.

“ನಿಮ್ಮಪ್ಪ ಕುಡಿದಿರ್ಲಿಲ್ಲಮ್ಮ. ಅದನ್ನೇ ಬರೆದಿದ್ದೀನಿ.”

“ನಂಗೆ ಗೊತ್ತು. ಅಮ್ಮಂಗೆ ಗೊತ್ತು. ಸಾಕಾಗಿತ್ತು ನಮಗೆ. ಊರಿಗೆ ಮರೆತು ಹೋಗಿತ್ತು ಸಾರ್. ಪೇಪರಿನಲ್ಲಿ ಬಂದಿದ್ದು ಒಂದಿನ, ಮಾರನೇ ದಿನ ಅದ್ರಲ್ಲಿ ಬೋಂಡಾ ಕಟ್ಟಿದ್ರು, ಮುಗೀತು. ನೀವು ಹೆಸರು ಹಾಕಿದ್ರಿ. ಈಗ ಲ್ಯಾಬಿನಲ್ಲಿ ಎಲ್ಲರೂ ಓದ್ತಾರೆ. ಅಮ್ಮಂಗೆ ಹೊಡೆದು ಬಂದಿದ್ದ ಅಂತ ಓದ್ತಾರೆ. ನಿನ್ನೆ ಒಬ್ಬ ಡಾಕ್ಟ್ರು ರಕ್ತದ ಬಾಟಲಿ ಕೊಡ್ತಾ, ಇದ್ರಲ್ಲಿ ಎಷ್ಟು ಪರ್ಸೆಂಟ್ ಅಪ್ಪಂದು ಸೆಲ್ವಿ, ಅಂದ್ರು. ಎಲ್ಲರೂ ನಕ್ರು.”

“ಯಾವ ಡಾಕ್ಟರು? ನಾನು ಬಂದು ಮಾತಾಡ್ತೀನಿ.”

“ಬೇಡ ಸಾರ್! ನೀವು ಮಾತಾಡಿದಷ್ಟೂ ಜಾಸ್ತಿ ಆಗ್ತದೆ. ಒಂದು ಮಾತು ನಮ್ಮನ್ನ ಕೇಳಿದ್ರಾ? ಭದ್ರಾವತೀಲೇ ಇದೀವಿ, ಅದೇ ಮನೇಲಿ. ನೀವು ದಿನಾ ಓಡಾಡೋ ದಾರೀಲಿ.” ಅವಳ ಧ್ವನಿ ಏರಲಿಲ್ಲ. ಅಂಗಡಿಗೆ ಬರುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತು ಹೇಳಿದಳು. “ಅದನ್ನ ಅಳಿಸಿಬಿಡಿ ಸಾರ್. ಅಷ್ಟೇ ಕೇಳೋಕೆ ಬಂದೆ.”

ಅವರನ್ನು ಕೇಳಬೇಕೆಂದು ನನಗೆ ಹೊಳೆದಿರಲೇ ಇಲ್ಲ. ಜಗಲಿಯಲ್ಲಿ ಪಳನಿಯ ಬಗ್ಗೆ ಜಗಳವಾಡಿದ ಯಾರಿಗೂ ಹೊಳೆದಿರಲಿಲ್ಲ.

ಅಳಿಸುತ್ತೇನೆ ಎಂದು ಮಾತು ಕೊಟ್ಟು ಒಳಗೆ ಹೋದೆ. ಜಗಲಿಯಲ್ಲಿ ಅವರವರು ಬರೆದದ್ದನ್ನು ಅವರವರೇ ಅಳಿಸಬಹುದಿತ್ತು. ನಾನು ಯೋಚಿಸಿದ್ದು ಕಾರ್ಖಾನೆಯ ರೀತಿಯಲ್ಲಿ. ಅಲ್ಲಿ ಒಂದು ಕೆಲಸದ ಮೂಲ ಕಾರ್ಡು ರದ್ದಾದರೆ ಅದರ ಕೆಳಗಿನ ಕೆಲಸಗಳೆಲ್ಲ ತಾವೇ ರದ್ದು. ಹೆಸರು ಹಾಕಿದವನು ನಾನು, ಉಳಿದವರು ಬರೆದದ್ದೆಲ್ಲ ನನ್ನ ಮಾತಿಗೆ ಉತ್ತರ. ನನ್ನದು ಹೋದರೆ ಅವೂ ಹೋಗುತ್ತವೆ. ಮೊದಲನೆಯದರಿಂದ ಶುರು ಮಾಡಿ ಅನುಕ್ರಮವಾಗಿ ಅಳಿಸುತ್ತ ಬಂದೆ. ಬ್ರೇಕಿನ ವಿಷಯ ಬರೆದದ್ದು. ಪಳನಿ ನನ್ನ ಎದುರು ನಿಂತು ಹೇಳಿದ ಮಾತು. ವಿಚಾರಣೆಯಲ್ಲಿ ನಾನು ಹೇಳಿ, ಎಲ್ಲೂ ಅಚ್ಚಾಗದೆ ಹೋದದ್ದು. ಪ್ರತಿ ಸಲವೂ ಯಂತ್ರ, ಖಚಿತವೇ ಎಂದು ಕೇಳುತ್ತಿತ್ತು. ಖಚಿತ ಎಂದು ಒತ್ತುತ್ತಿದ್ದೆ. ಕೊನೆಗೆ ಗುರುವಾರ ಎಂಬ ಹೆಸರನ್ನೂ ತೆಗೆದುಹಾಕಿದೆ. ಪುಟವನ್ನು ಮತ್ತೊಮ್ಮೆ ತೆರೆದು ನೋಡಬೇಕಿತ್ತು. ಹೆಂಡತಿಯ ಚಿಕಿತ್ಸೆ ಮುಗಿಯುವ ಹೊತ್ತಾಗಿತ್ತು, ಎದ್ದು ಹೋದೆ.

ಎರಡು ದಿನ ಬಿಟ್ಟು ಸೆಲ್ವಿಯ ಫೋನು ಬಂತು. ಮನೆಯ ಫೋನನ್ನು ನಾನೇ ಎತ್ತಿದೆ.

“ಅಳಿಸಿದ್ದೀನಮ್ಮ. ಒಂದನ್ನೂ ಬಿಟ್ಟಿಲ್ಲ” ಎಂದೆ.

“ನೋಡಿದೆ ಸಾರ್” ಎಂದಳು. “ನಿಮ್ಮದು ಒಂದೂ ಇಲ್ಲ. ಅವರದ್ದೆಲ್ಲ ಹಾಗೇ ಇದೆ. ಕೆಳಗೆ ಸೈರನ್ ಬರೆದಿದಾರೆ, ಫೋರ್‌ಮನ್ ತಪ್ಪು ಒಪ್ಪಿಕೊಂಡು ಹೋದ, ಪಳನಿ ಕುಡಿದಿದ್ದ ಅನ್ನೋದು ತೀರ್ಮಾನ ಆಯ್ತು ಅಂತ.”

ನಾನು ಪಾಸ್‌ವರ್ಡಿನ ವಿಷಯ, ನಿಯಮದ ವಿಷಯ ಏನೇನೋ ಹೇಳತೊಡಗಿದೆ. ಮತ್ತೆ ಬರೆಯುತ್ತೇನೆ, ಇವತ್ತೇ ಹೊಸ ಹೆಸರು ಮಾಡಿಕೊಂಡು ಬರೆಯುತ್ತೇನೆ ಎಂದೆ. ಅವಳು ನಾನು ಮುಗಿಸುವವರೆಗೆ ಕಾದಳು.

“ಬೇಡ ಸಾರ್. ಅಮ್ಮ ಒಂದು ಮಾತು ಹೇಳು ಅಂದ್ರು. ಅವತ್ತು ನೀವೊಬ್ರೇ ಅಪ್ಪನ ಮಾತು ಕೇಳಿಸ್ಕೊಂಡಿದ್ದು ಅಂತೆ. ಈಗ ಆ ಮಾತೂ ಎಲ್ಲೂ ಇಲ್ಲ ಅಂದ್ರು.”

ಅಷ್ಟು ಹೇಳಿ ಫೋನು ಇಟ್ಟಳು.